ಅರಳೆಗೊಂದು ಗುಣಿ

ಅಜ್ಜಂಪುರದ ಕೋಮಲಾ ಸಾಕಿದ ಮೊಲ ಅರಳೆ ಸತ್ತದ್ದು ಮದುವೆ ದಿಬ್ಬಣದ ಪಟಾಕಿಗೆ. ಬೀದಿಯಲ್ಲಿ ಸರಪಟಾಕಿ ಸಿಡಿಯಿತು, ಹೊಲಿಗೆ ಮೆಷಿನ್ನಿನ ಕೆಳಗೆ ಮಲಗಿದ್ದ ಅದು ಒಮ್ಮೆ ನೆಗೆಯಿತು, ಅಷ್ಟೇ. ಹೆದರಿ ಎದೆ ಒಡೆದಿರಬೇಕು ಎಂದರು ಪಶುವೈದ್ಯರು. ಯಾರದೋ ಸಡಗರಕ್ಕೆ ಇದರ ಜೀವ ಹೋಗಬೇಕಿತ್ತೇ!

ಊಟಕ್ಕೆ ಬಂದ ಗಂಡ ವಿಶ್ವನಾಥ್ ಸಮಾಧಾನ ಹೇಳಿದ. "ಸುಮ್ನಿರು, ಅಳ್ಬೇಡ ಕಣೇ. ತರೀಕೆರೆಲಿ ಸಿಗ್ತವೆ, ಇನ್ನೊಂದು ತಂದ್ಕೊಡ್ತೀನಿ." ಒಡೆದ ಬಕೆಟ್ಟಿಗೆ ಹೇಳುವ ಮಾತು. ನಾಲ್ಕು ವರ್ಷ ಬೆಳೆದದ್ದು ಮನೆಯದೇ ಜೀವ ಎಂದು ಒಬ್ಬರಾದರೂ ಒಪ್ಪಿದ್ದರೆ ಕೋಮಲಾಳಿಗೆ ಸಾಕಿತ್ತು.

ಮಾವ ಪಂಚಾಕ್ಷರಪ್ಪನವರಿಂದ ಅದನ್ನು ನಿರೀಕ್ಷಿಸುವಂತೆಯೇ ಇರಲಿಲ್ಲ. ಅವರಿಗೂ ಅರಳೆಗೂ ಎಣ್ಣೆ ಸೀಗೆಕಾಯಿ. ಕೊರಳಿಗೆ ಲಿಂಗ ಕಟ್ಟಿಕೊಳ್ಳುವ ಶಿವದಾರವನ್ನೇ ಅದು ಒಮ್ಮೆ ಕಡಿದುಹಾಕಿತ್ತು. ಮುದುಕರು ಮೂರು ದಿನ ಸೂರು ಹಾರಿಹೋಗುವಂತೆ ಕೂಗಾಡಿದ್ದರು.

ಗಂಡ ಅಂಗಡಿಗೆ ಮರಳಿದ. ಮೊಲವನ್ನು ರವಿಕೆ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತ ಕೋಮಲಾಳಿಗೆ ಹಾಗೇ ಮಂಪರು ಹತ್ತಿತು. ಕಣ್ಣ ಮುಂದೆ ಕರಿಮಣ್ಣಿನ ಹೊಲ, ತುಂಬ ಬಿಳೀ ಹತ್ತಿ. ನೋಡುತ್ತಿದ್ದಂತೆ ಹತ್ತಿಯೆಲ್ಲ ಕಿವಿ ನಿಮಿರಿಸಿತು. ತನ್ನದು ಯಾವುದೆಂದು ಅವಳು ಸಾಲು ಸಾಲು ಹುಡುಕಿದಳು. ಅರಳೇ ಎಂದು ಕರೆದರೆ ಹೊಲಕ್ಕೆ ಹೊಲವೇ ತಿರುಗಿ ನೋಡಿತು. ಎಲ್ಲೋ ನೆಲ ಅಗೆಯುವ ಸದ್ದು. ಮೆತ್ತಗೆ, ಬಿಟ್ಟು ಬಿಟ್ಟು.

ಎಚ್ಚರವಾದರೂ ಸದ್ದು ನಿಲ್ಲಲಿಲ್ಲ. ಹಿತ್ತಿಲಲ್ಲಿ, ಪಾರಿಜಾತದ ಬುಡದಲ್ಲಿ ಮಾವ ಗುಣಿ ತೋಡುತ್ತಿದ್ದರು. ಅವಳು ಎದ್ದು ಹೋಗಿ, ಬಟ್ಟೆಯ ಗಂಟನ್ನು ಒಳಗೆ ಮಲಗಿಸಲು ಬಾಗಿದಳು.

"ತಡಿ. ಮಲಗಿಸ್ತೀಯೇನಮ್ಮಾ? ನಮ್ಮನೇಲಿ ಯಾರನ್ನ ಮಲಗಿಸಿ ಮಣ್ಣು ಮಾಡಿದೀವಿ?"

ಆಗಲೇ ಅವಳು ಗುಣಿಯನ್ನು ಸರಿಯಾಗಿ ನೋಡಿದ್ದು. ಒಳಗಿನ ಮಗ್ಗುಲಲ್ಲಿ ಮಾವ ಪುಟ್ಟ ಗೂಡು ಕೊರೆದಿದ್ದರು. ಅತ್ತೆ ತೀರಿಕೊಂಡಾಗ ಅವರನ್ನು ಕೂರಿಸಿದ್ದೂ ಇಂಥದೇ ಗೂಡಿನಲ್ಲಿ.

"ಮಾವಾ, ನಿಮಗೆ ಇದನ್ನ ಕಂಡ್ರೆ ಆಗ್ತಿರ್ಲಿಲ್ವಲ್ಲ?"

"ಯಾರಂದ್ರು? ದಿನಾ ಬೆಳಗ್ಗೆ ನಾನು ಪೂಜೆಗೆ ಕೂತ್ರೆ ಪಕ್ಕದಲ್ಲೇ ಬಂದು ಕೂರೋದು ಕಣಮ್ಮ. ನಾನು ಕಣ್ಣು ಬಿಡೋವರ್ಗೂ ಅಲ್ಲಾಡ್ತಿರ್ಲಿಲ್ಲ."

ಇಬ್ಬರೂ ಸೇರಿ ಅರಳೆಯನ್ನು ಗೂಡಿನಲ್ಲಿ ಕೂರಿಸಿದರು. ಮಾವ ಅದರ ಹಣೆಗೆ ವಿಭೂತಿ ಹಚ್ಚಿದರು. ಕೋಮಲಾ ಬಿಕ್ಕಿ ಬಿಕ್ಕಿ ಅತ್ತಳು. ಈ ಸಲ ಸುಮ್ಮನಿರು ಎಂದು ಯಾರೂ ಹೇಳಲಿಲ್ಲ.