ದರ್ಜಿಯಕ್ಕನ ಷೇರು

ದರ್ಜಿಯಕ್ಕನ ಹೊಲಿಗೆ ಯಂತ್ರಕ್ಕೆ ವಯಸ್ಸಾಗಿತ್ತು. ದಪ್ಪ ಬಟ್ಟೆ ಕೊಟ್ಟರೆ ಕೆಮ್ಮಿದಂತೆ ಸದ್ದು ಮಾಡಿ ದಾರ ಕಡಿಯುತ್ತಿತ್ತು. ಹೊಸದನ್ನು ಕೊಳ್ಳಲೆಂದು ಹೊಟ್ಟೆ ಬಾಯಿ ಕಟ್ಟಿ ಕೂಡಿಟ್ಟ ಹಣವನ್ನು, ಮ್ಯೂಚುವಲ್ ಫಂಡಿಗೆ ಹಾಕು ಎಂದು ಹೋದ ವರ್ಷ ತಮ್ಮನ ಕೈಗೆ ಕೊಟ್ಟಿದ್ದಳು. ತಮ್ಮ ಬಸ್ ಕಂಡಕ್ಟರ್. ಷೇರಿನ ವಿಷಯದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದುಕೊಂಡವನು.

ಆ ದಿನ ಯಂತ್ರ ಪೂರ್ತಿ ಕೈಕೊಟ್ಟಿತು. ಕತ್ತರಿಸಿಟ್ಟ ಶಾಲೆಯ ಸಮವಸ್ತ್ರಗಳು ಮೇಜಿನ ತುಂಬ ಗುಡ್ಡೆ ಬಿದ್ದಿದ್ದವು. ಮುಂದಿನ ವಾರ ಕೊಡದಿದ್ದರೆ ಶಾಲೆಯವರು ಮತ್ತೆ ಇತ್ತ ತಲೆ ಹಾಕುವುದಿಲ್ಲ. ಅಕ್ಕ ತಮ್ಮನನ್ನು ಕರೆಸಿದಳು.

"ಫಂಡಿನ ದುಡ್ಡು ತೆಗೆದುಕೊಡೋ. ಚೆನ್ನಾಗಿ ಏರಿದೆಯಂತಲ್ಲ?"

ತಮ್ಮ ಬಾಗಿಲಲ್ಲೇ ನಿಂತು ಕತ್ತು ಕೆರೆದುಕೊಂಡ. "ಫಂಡು ಏರಿದೆ ಅಕ್ಕ. ಆದ್ರೆ ನಿನ್ನ ದುಡ್ಡು ಅದರಲ್ಲಿಲ್ಲ."

"ಮತ್ತೆಲ್ಲಿದೆ? ನಿನ್ನ ಹೊಟ್ಟೇಲಾ?"

"ಆ ಫಂಡ್ ನಡೆಸೋ ಕಂಪನಿಯ ಷೇರು ಕೊಂಡೆ. ಜನರ ದುಡ್ಡು ನೋಡಿಕೊಂಡಿದ್ದಕ್ಕೆ ಕಂಪನಿ ವರ್ಷವರ್ಷ ಶುಲ್ಕ ತಗೊಳ್ಳುತ್ತೆ. ಕೊಡೋರ ಸಾಲಲ್ಲಿ ಯಾಕೆ ನಿಲ್ಲಬೇಕು, ತಗೊಳ್ಳೋರ ಕಡೆ ಇರೋಣ ಅಂತ..."

ಅಕ್ಕ ಕತ್ತರಿ ಕೆಳಗಿಟ್ಟಳು. "ಬಟ್ಟೆ ಹೊಲಿಸ್ಕೊಂಡು ಬಾ ಅಂದ್ರೆ ದರ್ಜಿ ಅಂಗಡೀಲೇ ಪಾಲು ತಗೊಂಡು ಬಂದೆ ಅನ್ನು."

"ಹೂಂ, ಹಾಗೇ. ಲೆಕ್ಕ ಸರಿಯಾಗೇ ಇತ್ತು. ಇನ್ನೊಂದು ಕಂಪನಿಯವರು ಶುಲ್ಕ ಇಳಿಸಿದ್ರು. ಜನ ದುಡ್ಡು ತೆಗೆದು ಅಲ್ಲಿಗೆ ಓಡಿದ್ರು. ಷೇರು ಕಾಲು ಭಾಗ ಬಿತ್ತು."

ಎದುರಿನ ದರ್ಜಿ ಅಂಗಡಿಯವನು ಕೂಲಿ ಇಳಿಸಿ ಅಕ್ಕನ ಗಿರಾಕಿಗಳನ್ನು ಎಳೆದುಕೊಂಡಿದ್ದು ಅವಳಿಗೆ ನೆನಪಾಯಿತು. ಬೈಯಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು.

"ಸ್ವಲ್ಪ ತಡಿ ಅಕ್ಕ, ಏರುತ್ತೆ."

"ನಾನು ತಡೀತೀನಿ. ಶಾಲೆಯವರು ತಡೀತಾರಾ?" ಅವಳು ಒಂದು ಪುಟ್ಟ ಲಂಗವನ್ನೆತ್ತಿ ಅಂಚು ಮಗುಚಿ ತೋರಿಸಿದಳು. "ನೋಡು, ಬೆಳೆಯೋ ಮಕ್ಕಳ ಬಟ್ಟೆಗೆ ಒಳಗೆ ಇಷ್ಟು ಬಿಟ್ಟಿರ್ತೀವಿ, ಬೇಕಾದಾಗ ಬಿಚ್ಚೋಕೆ. ನೀನು ಎಲ್ಲಾನೂ ಒಂದರಲ್ಲೇ ಹಾಕಿ ಅಂಚಿಗೇ ಹೊಲಿದುಬಿಟ್ಟೆ."

ತಮ್ಮ ಷೇರಿನ ಲೆಕ್ಕ ನೋಡಲು ಮೊಬೈಲ್ ತೆಗೆದ.

"ಅರ್ಧ ಷೇರು ಮಾರಿಬಿಡು," ಅಂದಳು ಅಕ್ಕ. "ಹಳೇ ಯಂತ್ರ ಒಂದು ಸಿಗುತ್ತೆ, ಅದರಲ್ಲೇ ಈ ವರ್ಷ ದೂಡ್ತೀನಿ."

"ಉಳಿದಿದ್ದು ಫಂಡಿಗೆ ಹಾಕ್ಲಾ?"

ಅಕ್ಕ ಎದುರಿನ ಅಂಗಡಿಯತ್ತ ನೋಡಿದಳು. ಎದುರಿನವನ ಹೊಲಿಗೆ ಬಿಚ್ಚಿಹೋಗಿ ಅವಳ ಗಿರಾಕಿಗಳಲ್ಲಿ ಅರ್ಧ ಜನ ವಾಪಸ್ ಬಂದಿದ್ದರು. ಉಳಿದರ್ಧ ಬಂದಿರಲಿಲ್ಲ.

"ಆ ಷೇರಲ್ಲೇ ಇರಲಿ, ಓಡಿದೋರಲ್ಲಿ ಅರ್ಧ ಜನ ವಾಪಸ್ ಬಂದರೂ ಬರಬಹುದು. ಇನ್ಮೇಲೆ ನನ್ನ ಕೇಳದೆ ಬೆರಳಾಡಿಸಿದ್ರೆ ಮೊಬೈಲನ್ನೇ ಹೊಲಿದುಬಿಡ್ತೀನಿ. ಈಗ ರಜೆ ಹಾಕಿ ಬನ್ನಿ ಕಂಡಕ್ಟರ್ ಸಾಹೇಬ್ರೇ, ಗುಂಡಿ ಹಾಕೋಕೆ ಜನ ಬೇಕು."

ಷೇರಿನ ಹಣ ಕೈಸೇರಿ ಮೂರನೇ ದಿನ ಹಳೇ ಯಂತ್ರ ಬಂತು, ತಮ್ಮನೂ ಬಂದ. ನೆಲದ ಮೇಲೆ ಕೂತು ಮೊದಲ ಅಂಗಿಯ ಗುಂಡಿಗಳನ್ನೆಲ್ಲ ತಪ್ಪು ಬದಿಯ ಪಟ್ಟಿಗೆ ಹೊಲಿದ. ಅಕ್ಕ ದಾರ ಕಚ್ಚಿ ಬಿಚ್ಚಿ, ಅಂಗಿಯನ್ನು ಮತ್ತೆ ಅವನ ಮಡಿಲಿಗೆ ಹಾಕಿದಳು.