ಯಾವ ಚಟವೂ ಇಲ್ಲದ ಮನುಷ್ಯ

ಶಿವಪುತ್ರಪ್ಪನ ಬ್ಲಡ್ ಪ್ರೆಶರ್ ಮೊದಲು ತಿಂದದ್ದು ಅಡುಗೆಯ ಉಪ್ಪನ್ನು. ಆಮೇಲೆ ಚಹಾ ಹೋಯಿತು, ಉಪ್ಪಿನಕಾಯಿ ಹೋಯಿತು. ಮಿಲ್ಲಿನ ಡಾಕ್ಟರು ಪುಕ್ಕಟೆಯೇನೋ ಹೌದು, ಆದರೆ ಅವರ ಗುಳಿಗೆ ನುಂಗಿ ಮಗ್ಗದ ಮುಂದೆ ತೂಕಡಿಸಿದ್ದಕ್ಕೆ ಪಗಾರದಲ್ಲಿ ಕಡಿತ ಬಿತ್ತು. ಗಿರಗಾಂವದ ದೊಡ್ಡ ಡಾಕ್ಟರಿಗೆ ಹೆಂಡತಿ ದಾನವ್ವನ ಕೊರಳಿನ ಬೋರಮಾಳ ಹೋಯಿತು, ಅವರು ಬರೆದುಕೊಟ್ಟ ಔಷಧಿಗೆ ಕಿವಿಯ ಬೆಂಡೋಲೆ. ಇಷ್ಟು ಕೊಟ್ಟು ಕೊಂಡದ್ದೇನು ಅಂದರೆ, ಪ್ರತಿ ಸಲವೂ ಹಿಂದಿನದಕ್ಕಿಂತ ದೊಡ್ಡದಾದ ಒಂದು ಅಂಕಿ.

ಈಗ ದೊಡ್ಡಾಸ್ಪತ್ರೆಯವರು ಕೊನೆಯ ಮಾತು ಹೇಳಿಬಿಟ್ಟಿದ್ದರು. ಗುಳಿಗೆಗೆ ಇದು ಬಗ್ಗುವುದಿಲ್ಲ, ಬೆನ್ನು ಸೀಳಿ ಪ್ರೆಶರ್ ಏರಿಸುವ ನರ ಕತ್ತರಿಸಬೇಕು, ಸೋಮವಾರ ಬಂದು ಭರ್ತಿಯಾಗಿ ಎಂದು. ಬದುಕುತ್ತಾರಾ ಎಂದು ದಾನವ್ವ ಕೇಳಿದ್ದಕ್ಕೆ ಆ ಡಾಕ್ಟರು ಮರಾಠಿಯಲ್ಲಿ ಬಹಳ ಮೆತ್ತಗೆ, "ಮಾಡಿಸದಿದ್ದರೆ ಬದುಕುವುದು ಕಷ್ಟ," ಅಂದಿದ್ದರು.

ಶಿವಪುತ್ರಪ್ಪನಿಗೆ ಇನ್ನೂ ನಲವತ್ತು. ಬಿಜಾಪುರದ ಕಡೆಯವನು, ಪರೇಲಿನ ಮಿಲ್ಲೊಂದರಲ್ಲಿ ನೇಯುವವನು. ದಿನವಿಡೀ ಮಗ್ಗದ ಮುಂದೆ ನಿಲ್ಲುವ ಆಳು ತಾನಿದ್ದ ಚಾಳಿನ ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ಕೂತುಬಿಡುತ್ತಿದ್ದ. ತಲೆ ಸಿಡಿಯುತ್ತಿತ್ತು, ಬಲಗಣ್ಣಿನ ಮುಂದೆ ಮಂಜು. ಒಂದು ಮುಂಜಾನೆ ಚಾಳಿನ ಸಂಡಾಸಿನಲ್ಲಿ ಕೂತವನಿಗೆ ಏಳಲಿಕ್ಕೇ ಆಗಲಿಲ್ಲ. ಹೊರಗೆ ಡಬ್ಬಿ ಹಿಡಿದು ನಿಂತವರು ಬಾಗಿಲು ಮುರಿದು ಎತ್ತಿ ತಂದರು. ಅವತ್ತು ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಸಂಜೆಯವರೆಗೆ ತಿರುಗಲಿಲ್ಲ.

ಶನಿವಾರ ದಾನವ್ವ ಕೆಳಗಿನ ಉಡುಪಿ ಹೋಟೆಲಿಗೆ ತನಗೆಂದು ಇಡ್ಲಿ ತರಲು ಇಳಿದಳು. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಮೋನಪ್ಪ ಅವಳ ಮುಖ ನೋಡಿ ವಿಚಾರಿಸಿದ. ಅವಳು ಹೇಳಿದಳು. ಯಾರಾದರೂ ಡಾಕ್ಟರು ಗೊತ್ತೇನು ಅಂತಲೂ ಕೇಳಿದಳು.

"ಎಲ್ಲಿಗೆ ಬೇಕಾದ್ರೂ ಹೋಗಿ ದಾನವ್ವಕ್ಕ, ಮುಲುಂಡಿನ ಆ ಪ್ರಫುಲ್ಲಾ ಡಾಕ್ಟ್ರ ಹತ್ರ ಮಾತ್ರ ಹೋಗ್ಬೇಡಿ ಮಾರಾಯ್ರೆ!" ಎಂದ ಮೋನಪ್ಪ. "ನಮ್ಮ ಊರಿನವರೇ ಅಂತ ಹೊಟ್ಟೆನೋವಿಗೆ ಹೋದೆ. ಒಂದು ಇಂಜೆಕ್ಷನ್ ಇಲ್ಲ, ಒಂದು ಬಾಟ್ಲಿ ಕೆಂಪು ನೀರಿಲ್ಲ. ಎದ್ದ ಕೂಡ್ಲೆ ಏನು ಕುಡೀತೀರಿ, ಮಲಗುವಾಗ ಏನು ತಿಂತೀರಿ, ಅಜ್ಜ ಯಾವುದರಲ್ಲಿ ತೀರಿಹೋದ್ರು... ಪೊಲೀಸರೂ ಇಷ್ಟು ಕೇಳುದಿಲ್ಲ."

"ಹೊಟ್ಟಿನೋವು ಹೋತೇನಣ್ಣಾ?"

ಮೋನಪ್ಪ ಚಿಲ್ಲರೆಯನ್ನು ಸುಮ್ಮನೆ ಅತ್ತಿತ್ತ ಸರಿಸಿದ. "ಅದು ಹೋಯ್ತು. ಆದ್ರೆ ಔಷಧಿಯೇ ಕೊಡ್ಲಿಲ್ಲಲ್ಲ!"

ದಾನವ್ವ ಇಡ್ಲಿಯ ಪೊಟ್ಟಣ ಹಿಡಿದು ಅಲ್ಲೇ ನಿಂತಳು. ಇಲ್ಲಿಯವರೆಗೆ ನೋಡಿದ ಡಾಕ್ಟರುಗಳೆಲ್ಲ ತೋಳಿಗೆ ಪಟ್ಟಿ ಸುತ್ತಿದರು, ಗಾಳಿ ಹೊಡೆದರು, ಬರೆದುಕೊಟ್ಟರು. ಕೇಳಿದ್ದು ಒಂದೇ ಮಾತು: ಬೀಡಿ, ತಂಬಾಕು, ಸೆರೆ ಉಂಟಾ? ಗಂಡ ಬಾಯಿ ತೆರೆಯುವ ಮೊದಲೇ ಅವಳೇ ಹೆಮ್ಮೆಯಿಂದ, "ನಮ್ಮವರಿಗೆ ಯಾವ ಚಟನೂ ಇಲ್ರೀ," ಅನ್ನುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಬೆನ್ನು ಸೀಳಿಸುವ ಮೊದಲು ಒಬ್ಬರಾದರೂ ಪೂರಾ ಕೇಳಲಿ ಎಂದುಕೊಂಡು ವಿಳಾಸ ಬರೆಸಿಕೊಂಡಳು.

ಶಿವಪುತ್ರಪ್ಪ ಒಪ್ಪಲಿಲ್ಲ. "ಹೆಣ್ಣ ಡಾಕ್ಟರಾ? ನಾ ಏನ ಹಡಿಯಾಕ ಹೊಂಟೇನೇನು?"

"ಸಂಡಾಸದಾಗಿಂದ ನಾಕ ಮಂದಿ ಹೊತ್ಕೊಂಡ ಬಂದಾಗ ಹೋದ ನಾಚಿಕಿ ಈಗ ತಿರುಗಿ ಬಂತೇನ್ರೀ?" ಎಂದಳು. ಎಂದ ಮೇಲೆ ಅವಳಿಗೇ ಕೆಟ್ಟದೆನಿಸಿತು. ಅವನು ಎದ್ದು ಟೋಪಿ ಹಾಕಿಕೊಂಡ.

ರವಿವಾರದ ಲೋಕಲಿನಲ್ಲಿ ಜಾಗ ಸಿಕ್ಕಿತು. ಮುಲುಂಡಿನಲ್ಲಿ ಇಳಿದು ಟಾಂಗಾ ಮಾಡಿದರು. ಪ್ರಫುಲ್ಲಾ ಡಾಕ್ಟರು ಐವತ್ತರ ಹೆಂಗಸು, ದಪ್ಪ ಕನ್ನಡಕ. ಬಾಗಿಲಲ್ಲೇ ನಿಂತು, ಅವನು ಬೆಂಚಿನಿಂದ ಏಳುವುದನ್ನು ನೋಡಿದರು. ತೊಡೆಗೆ ಎರಡೂ ಕೈ ಊರಿ, ತನ್ನನ್ನೇ ತಾನು ಮೇಲೆ ತಳ್ಳಿಕೊಂಡ ಹಾಗೆ ಎದ್ದ. ಅವರು ಪಟ್ಟಿ ಸುತ್ತಿ ನೋಡಿದರು, ಊದಿದ ಕಾಲಿಗೆ ಬೆರಳೊತ್ತಿದರು. ಗುಳಿ ಬಿದ್ದು ಹಾಗೇ ಉಳಿಯಿತು.

"ಚಟ ಗಿಟ ನಾನು ಕೇಳುದಿಲ್ಲ," ಎಂದರು. "ನಿನ್ನೆ ಎದ್ದಲ್ಲಿಂದ ಮಲಗುವವರೆಗೆ ಬಾಯಿಗೆ ಹೋದದ್ದೆಲ್ಲ ಹೇಳಿ. ಲೆಕ್ಕಕ್ಕಿಲ್ಲ ಅಂತ ನಿಮಗೆ ಕಾಣುವುದನ್ನೂ ಹೇಳಿ."

ದಾನವ್ವ ಹೇಳತೊಡಗಿದಳು. ಸಪ್ಪನ ರೊಟ್ಟಿ, ಸಪ್ಪನ ಬ್ಯಾಳಿ. ಚಹಾ ಬಿಡಿಸಿದ ಮೇಲೆ ಕಷಾಯ.

"ಕಷಾಯಕ್ಕೆ ಏನೆಲ್ಲ ಹಾಕ್ತೀರಿ?"

"ಕೊತ್ತಂಬರಿ ಬೀಜ, ಜೀರಿಗಿ, ಆಮ್ಯಾಲ ಒಂದ ಹಿಡಿ ಜೇಷ್ಠಮಧು ಜಜ್ಜಿ ಹಾಕ್ತೀನ್ರೀ. ತಂಪಂತ. ಸಕ್ರೀನೂ ಬೇಕಾಗಂಗಿಲ್ಲ."

ಡಾಕ್ಟರು ಬರೆಯುತ್ತಿದ್ದ ಕೈ ನಿಲ್ಲಿಸಿದರು. "ಒಂದು ಹಿಡಿಯಾ? ದಿನಾ? ಬೇರೆ ಯಾವಾಗಲಾದರೂ ಜ್ಯೇಷ್ಠಮಧು ತಿನ್ನುವುದುಂಟಾ?"

ಆಗ ಶಿವಪುತ್ರಪ್ಪ, ತುಸು ಹಿಗ್ಗಿನಿಂದಲೇ, ಅಂಗಿಯ ಕಿಸೆಯಿಂದ ಜಗಿದು ನಾರಾದ ಕಡ್ಡಿಯೊಂದನ್ನು ತೆಗೆದು ತೋರಿಸಿದ. ನೇಯುವ ಖಾತೆಯಲ್ಲಿ ಹತ್ತಿಯ ಧೂಳಿಗೆ ಗಂಟಲು ಕಟ್ಟುತ್ತದೆ, ಎಲ್ಲರೂ ದವಡೆಯಲ್ಲಿ ತಂಬಾಕು ಇಟ್ಟುಕೊಳ್ಳುತ್ತಾರೆ. ಅವನೂ ಇಡುತ್ತಿದ್ದ. ಹೋದ ವರ್ಷ ಊರ ಮಠದ ಸ್ವಾಮಿಗಳ ಮುಂದೆ ತಂಬಾಕು ಬಿಟ್ಟೆನೆಂದು ಆಣೆ ಮಾಡಿ ಬಂದು, ಅದರ ಜಾಗದಲ್ಲಿ ಜ್ಯೇಷ್ಠಮಧುವಿನ ಕಡ್ಡಿ ಇಟ್ಟ. ಪಾಳಿ ಮುಗಿಯುವವರೆಗೂ ಅದು ದವಡೆಯಲ್ಲಿ. ರಜೆಯ ದಿನವೂ ಅದೇ. ಸೋಮವಾರದ ಭಜನೆಗೆ ದನಿ ಚೆನ್ನಾಗಿ ಬರುತ್ತದೆಂದು ಇನ್ನೊಂದು ಕಡ್ಡಿ ಹೆಚ್ಚು. ದೊಡ್ಡವರ ಮುಂದೆ ಬಾಯಲ್ಲಿ ಏನೂ ಇರಬಾರದು ಎಂಬ ಮರ್ಯಾದೆಗೆ ಪ್ರತಿ ದವಾಖಾನೆಯ ಬಾಗಿಲಲ್ಲೂ ಅದನ್ನು ತೆಗೆದು ಕಿಸೆಗೆ ಇಳಿಸುತ್ತಿದ್ದ. ಯಾವ ಡಾಕ್ಟರ ಕಣ್ಣಿಗೂ ಅದು ಬಿದ್ದೇ ಇರಲಿಲ್ಲ.

"ತಂಬಾಕು ಬಿಟ್ಟದ್ದು ಒಳ್ಳೆಯದೇ," ಎಂದರು ಡಾಕ್ಟರು. "ಆದರೆ ಇದು ಅತಿಯಾದರೆ ಮೈಯಲ್ಲಿ ಉಪ್ಪು ನೀರು ನಿಲ್ತದೆ, ಪ್ರೆಶರ್ ಏರ್ತದೆ, ಮಾಂಸಖಂಡಗಳ ಸತ್ವ ಇಳಿದುಹೋಗ್ತದೆ. ಹೊಟ್ಟೆಹುಣ್ಣಿಗೆ ಇದರ ರಸ ಕೊಟ್ಟು ಹೀಗಾದದ್ದನ್ನು ಹೊರದೇಶದ ಡಾಕ್ಟರೊಬ್ಬರು ಬರೆದದ್ದು ಓದಿದ್ದೇನೆ. ಕಣ್ಣಾರೆ ನೋಡುವುದು ಇವತ್ತೇ."

"ಖರೇನ್ರೀ ಡಾಕ್ಟರ್ ಬಾಯಾರ?" ದಾನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಂಕಿ ಏರಿದಾಗೆಲ್ಲ ಉಷ್ಣಾಗೇತಿ ಅಂತ ನಾನ ಕಷಾಯ ಹೆಚ್ಚಿಗಿ ಮಾಡಿ ಕುಡಿಸಿನಲ್ರೀ! ನನ್ನ ಕೈಯಾರೆ!"

"ನಿಮ್ಮನ್ನು ಯಾರೂ ಕೇಳಲಿಲ್ಲ. ಈಗ ಅಳುವುದು ಬೇಡ, ಹೇಳುವುದು ಕೇಳಿ. ಇದು ಒಂದು ಚೂರೂ ಬಾಯಿಗೆ ಹೋಗಬಾರದು. ಈ ಗುಳಿಗೆ ನುಂಗಬೇಕು. ಹೋದ ಸತ್ವ ತುಂಬಲಿಕ್ಕೆ ಎಳನೀರು, ಬಾಳೆಹಣ್ಣು ಕೊಡಿ. ಪ್ರತಿ ವಾರ ಬನ್ನಿ. ಆಸ್ಪತ್ರೆಯವರಿಗೆ ನಾನೇ ಫೋನು ಮಾಡಿ ಸ್ವಲ್ಪ ತಡೆಯಲು ಹೇಳ್ತೇನೆ."

"ಆರಾಮ ಆಗ್ತಾರಲ್ರೀ?" ಎಂದಳು ದಾನವ್ವ.

"ನನ್ನ ಅಂದಾಜು ತಪ್ಪೂ ಇರಬಹುದು. ತಪ್ಪಾದರೆ ಆಪರೇಷನ್ ಇದ್ದೇ ಇದೆ. ಆದರೆ ಅಷ್ಟರವರೆಗೆ ಇವರಿಗೆ ಏನೂ ಆಗುದಿಲ್ಲ ಅಂತ ನಾನು ಮಾತು ಕೊಡ್ಲಿಕ್ಕಾಗುದಿಲ್ಲ."

ಮನೆಗೆ ಬಂದವಳೇ ಜ್ಯೇಷ್ಠಮಧುವಿನ ಡಬ್ಬಿಯನ್ನು ಗಟಾರಕ್ಕೆ ಸುರಿದಳು. ಸೋಮವಾರ ಆಸ್ಪತ್ರೆಗೆ ಹೋಗಲಿಲ್ಲ. ಮಗ್ಗುಲ ಖೋಲಿಯ ಕಾಶವ್ವ ಬಾಗಿಲಲ್ಲಿ ನಿಂತು, "ಜೇಷ್ಠಮಧು ಬಿಟ್ರ ಬ್ಯಾನಿ ಬಿಡ್ತದೇನ ದಾನವ್ವ? ನಾಳೆ ಹೆಚ್ಚು ಕಡಿಮಿ ಆದ್ರ ಮಂದಿ ನಿನ್ನ ಹೆಸರ ಹೇಳ್ತಾರ ನೋಡ," ಎಂದು ಎಲ್ಲರಿಗೂ ಕೇಳುವ ಹಾಗೆ ಅಂದಳು.

ಮೊದಲ ವಾರ ಏನೂ ಇಳಿಯಲಿಲ್ಲ. ತಲೆನೋವಿಗೆ ಅವನು ಸೀರೆಯ ಚೂರು ಬಿಗಿಯಾಗಿ ಕಟ್ಟಿಕೊಂಡು ಕೂಡುತ್ತಿದ್ದ, ಒಂದು ಕಡ್ಡಿ ಕೊಡು ಎಂದು ಮಕ್ಕಳ ಹಾಗೆ ಗೋಗರೆಯುತ್ತಿದ್ದ. ತನ್ನ ಹಟವೇ ಇವನನ್ನು ಕೊಲ್ಲುತ್ತಿದೆಯೇನೋ ಎಂದು ದಾನವ್ವ ಮೂರು ಸಲ ಆಸ್ಪತ್ರೆಗೆ ಹೊರಡಲು ಗಂಟು ಕಟ್ಟಿದಳು, ಮೂರು ಸಲವೂ ಬಿಚ್ಚಿದಳು. ಮುಲುಂಡಿನಲ್ಲಿ ಡಾಕ್ಟರು ಅಂಕಿ ನೋಡಿ, ಇನ್ನೊಂದು ವಾರ ನೋಡೋಣ ಎಂದರು. ಅವರ ಮುಖದಲ್ಲೂ ಧೈರ್ಯವಿರಲಿಲ್ಲ.

ಎರಡನೆಯ ವಾರದ ನಡುವೆ ಬಾವು ಇಳಿಯಿತು. ಒಂದು ಮುಂಜಾನೆ ಅವನು ನೆಲದ ಮೇಲಿಂದ ಕೈ ಊರದೆ ಎದ್ದು ನಿಂತ. ಎದ್ದವನು ಗಾಬರಿಯಾಗಿ ಹೆಂಡತಿಯ ಮುಖ ನೋಡಿದ. ಅವಳು, "ಇನ್ನೊಮ್ಮೆ ಕುಂತ ಏಳ್ರಿ," ಎಂದಳು. ಅವನು ಕೂತು ಎದ್ದ. ಆ ರವಿವಾರ ಅಂಕಿ ಇಳಿದಿತ್ತು, ಮುಂದಿನ ರವಿವಾರ ಮತ್ತಷ್ಟು. ದೊಡ್ಡಾಸ್ಪತ್ರೆಯ ಡಾಕ್ಟರೂ ಅಳೆದು ನೋಡಿ, ಆಪರೇಷನ್ ಬೇಡ ಎಂದು ಅವನ ಹೆಸರನ್ನು ಹೊಡೆದುಹಾಕಿದರು.

ಬಲಗಣ್ಣಿನ ಒಳಗೆ ಆಗಲೇ ರಕ್ತ ಒಸರಿತ್ತು, ಅದು ತಿಳಿಯಾಗಲಿಲ್ಲ. ಕಡಿದ ಎಳೆ ಕಾಣದವನಿಗೆ ಮಿಲ್ಲಿನವರು ಮಗ್ಗ ಕೊಡಲಿಲ್ಲ, ಬಟ್ಟೆ ಮಡಚುವ ಖಾತೆಗೆ ಹಾಕಿದರು. ಪಗಾರ ಮುಕ್ಕಾಲಾಯಿತು. ದಾನವ್ವನ ಗಂಡ ಉಳಿದ. ಅವನ ಒಂದು ಕಣ್ಣು ಹೋಯಿತು, ಕಲಿತ ಕೆಲಸ ಹೋಯಿತು.