ಆರನೆಯ ಡಿಸ್ಕು

ಕಂಪ್ಯೂಟರಿನಿಂದ ಐದನೆಯ ಡಿಸ್ಕೂ ಕೆಟ್ಟು ಹೊರಬಂದಾಗ ಸಿದ್ದರಾಮೇಶ ಅದನ್ನು ಕಿತ್ತು, ಮೊದಲ ನಾಲ್ಕರ ಮೇಲೆ ಬಿಸಾಕಿದ.

“ಏನಪಾ ಹೀರೋ,” ಬಾಗಿಲಲ್ಲಿ ನಿಂತಿದ್ದ ಮೈಕಿನ ಆಟೋದ ಎಲ್ಲಪ್ಪ ಕೇಳಿದ, “ವಿಲನ್ ಇನ್ನೂ ಸಾಯವಲ್ಲನೇನು?”

ಬೆಳಿಗ್ಗೆ ಮಕ್ತಲ್‌ನಿಂದ ಬಂದಿಳಿದವನೇ ಸಿದ್ದರಾಮೇಶ ಸಿನಿಮಾ ಗತ್ತಿನಲ್ಲಿ ಅಕ್ಕ ಗುರಮ್ಮನಿಗೆ ಮಾತು ಕೊಟ್ಟಿದ್ದ. ತಾನು ಕೈ ಹಾಕಿದ ಮೇಲೆ ಮಷೀನು ಎದ್ದು ಸಲಾಂ ಹೊಡೆಯಬೇಕು ಎಂದಿದ್ದ. ಮಷೀನು ಇನ್ನೂ ಹೊಡೆದಿರಲಿಲ್ಲ.

ನಾರಾಯಣಪೇಟೆಯ ಆ ಫೋಟೋ ಅಂಗಡಿಯ ಹಿಂದೆಯೇ ಮನೆ. ಅಂಗಳದಲ್ಲಿ ರಾತ್ರಿ ತೀರಿಕೊಂಡ ಅಕ್ಕನ ಗಂಡ ಮಲ್ಲಣ್ಣನನ್ನು ಕೂರಿಸಿ, ಬೆನ್ನಿಗೆ ಹಲಗೆ ಕೊಟ್ಟು, ಹಣೆಗೆ ವಿಭೂತಿ ಹಚ್ಚಿದ್ದರು. ಮೂವತ್ತು ವರ್ಷ ಊರಿನ ಮದುವೆಗಳನ್ನೆಲ್ಲ ಹಿಡಿದವನು. ಆಲ್ಬಮ್ಮುಗಳಲ್ಲಿ ಎಲ್ಲರೂ ಇದ್ದರು, ಕ್ಯಾಮೆರಾದ ಹಿಂದಿದ್ದ ಅವನೊಬ್ಬ ಇರಲಿಲ್ಲ. ಹತ್ತು ದಿನದ ಹಿಂದೆ, ತೆಲಂಗಾಣ ಹುಟ್ಟಿದ ದಿನ, ಚೌಕದಲ್ಲಿ ತೆಗೆದ ಒಂದು ವಿಡಿಯೋದಲ್ಲಿ ಅವನ ದನಿ ಮಾತ್ರ ಉಳಿದಿತ್ತು. ಎತ್ತುವ ಮೊದಲು ಅದನ್ನೊಮ್ಮೆ ಅವನ ಮುಂದೆಯೇ ಕೇಳಬೇಕೆಂದು ಗುರಮ್ಮ ಪಟ್ಟು ಹಿಡಿದಿದ್ದಳು. ಕಂಪ್ಯೂಟರಿನ ಸ್ಪೀಕರು ಎಂದೋ ಕೆಟ್ಟಿತ್ತು. ಎಲ್ಲಪ್ಪನ ಹಳೆಯ ಮೈಕ್ ಸೆಟ್ಟು ಸೀಡಿ ಬಿಟ್ಟು ಬೇರೇನನ್ನೂ ಮುಟ್ಟದು. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕೆಂದು ಕ್ರಿಯೆ ಮಾಡಿಸಲು ಬಂದ ಅಯ್ಯನವರು ಎರಡು ಸಲ ಹೇಳಿ ಕಳಿಸಿದ್ದರು.

ವಿಡಿಯೋದಿಂದ ದನಿಯನ್ನಷ್ಟೇ ತೆಗೆಯುವುದು ಸಲೀಸಾಗಿ ಆಗಿತ್ತು. ಡಿಸ್ಕಿಗೆ ಬರೆಯುವಾಗಲೇ ಆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಅಡ್ಡ ಮಲಗಿತ್ತು. ಅನುಮತಿ ಇಲ್ಲ ಎಂದಿತು, ಪಾಸ್‌ವರ್ಡ್ ಕೊಟ್ಟ. ವೇಗವನ್ನು ಹದಿನಾರರಿಂದ ನಾಲ್ಕಕ್ಕೆ ಇಳಿಸಿದ. ಬೇರೆ ಕಂಪನಿಯ ಡಿಸ್ಕು ತರಿಸಿದ. ಕೊನೆಗೆ ಬರುತ್ತಿದ್ದುದು ಅದೇ ಸಾಲು: ಲೇಸರಿನ ಬೆಳಕಿನ ಅಳತೆ ಸಿಗುತ್ತಿಲ್ಲ.

“ಎಲ್ಲಾರಂಗ ಬ್ಯಾರೇದು ಇಟ್ಕೊಂಡಿದ್ರ ಏನಾಗ್ತಿತ್ತು ಮಾವಗ?” ಎಂದು ಮೇಜು ಗುದ್ದಿದ.

“ಗದ್ವಾಲದ ಮದಿವಿನ ಪೂರಾ ವೈರಸ್ ನುಂಗಿತ್ತು. ಆವತ್ತಿಂದ ಇದನ್ನ ನಂಬಿದ್ರು,” ಎಂದಳು ಗುರಮ್ಮ. “ಬೈಬ್ಯಾಡೋ ತಮ್ಮಾ. ಅವರು ಕೈ ಮುಗಿದ ಮಷೀನದು.”

\*

ರಾಜ್ಯ ಹುಟ್ಟಿದ ಸಂಜೆ ಮಲ್ಲಣ್ಣ ಮೈತುಂಬ ಗುಲಾಲು ಹೊತ್ತು ಬಂದ. ಮಿಂದು, ಹೊಸ ರಾಜ್ಯಕ್ಕೆ ಹೊಸ ಪೂಜೆ ಎಂದು ಅಂಗಡಿಯಲ್ಲಿ ಕೂತ. ಕ್ಯಾಮೆರಾಕ್ಕೆ ದೂರದಿಂದಲೇ ಊದುಬತ್ತಿ ಬೆಳಗಿದ. ಗುರಮ್ಮ ವಿಭೂತಿ ಹಚ್ಚಹೋದರೆ ಕೈ ತಡೆದ.

“ಕಣ್ಣಾಗ ಬೂದಿ ಬೀಳಬಾರದು. ಕುರುಡಾಗ್ತೈತಿ.”

ಆಮೇಲೆ ಕಂಪ್ಯೂಟರಿನ ಡಿಸ್ಕು ಇಡುವ ಟ್ರೇ ಹೊರಗೆ ತರಿಸಿ, ಧಾರಾಳವಾಗಿ ಒಂದು ಚಿಟಿಕೆ ವಿಭೂತಿ ಉದುರಿಸಿ, ಒಳಗೆ ತಳ್ಳಿದ. ಇವತ್ತಿನದನ್ನು ನಾಳೆ ಡಿಸ್ಕು ಮಾಡಿಕೊಡುತ್ತೇನೆ ಎಂದ. ನಾಳೆ ಮಾಗನೂರಿನಲ್ಲಿ ಮದುವೆ ಇತ್ತು. ನಾಡಿದ್ದು ಇನ್ನೊಂದು.

\*

“ಅಕ್ಕಾ, ಪೂಜಿ ಮಾಡುವಾಗ ಇದರೊಳಗ ಏನರ ಹಾಕಿದ್ರೇನು?”

ಗುರಮ್ಮ ಹೇಳಿದಳು.

“ಇದಕ್ಕೂ ಕಣ್ಣೈತಕ್ಕಾ,” ಎಂದಷ್ಟೇ ಹೇಳಿ ಸಿದ್ದರಾಮೇಶ ಸ್ಕ್ರೂ ಬಿಚ್ಚತೊಡಗಿದ.

ಒಳಗೆ ಬೇಳೆಕಾಳಿನಷ್ಟು ಗಾಜು, ಅದರ ಮೇಲೆ ಬೂದಿ. ಮಲ್ಲಣ್ಣ ದಿನವೂ ಕ್ಯಾಮೆರಾ ಒರೆಸುತ್ತಿದ್ದ ಬಟ್ಟೆಯನ್ನು ಗುರಮ್ಮ ಅವನ ಚೀಲದಿಂದಲೇ ತಂದುಕೊಟ್ಟಳು. ಅಯ್ಯನವರು ಮೂರನೆಯ ಸಲ ಕರೆಸಿದಾಗ ಆರನೆಯ ಡಿಸ್ಕು ಅರ್ಧಕ್ಕೆ ಬಂದಿತ್ತು. ಟ್ರೇ ತೆರೆದದ್ದೇ ಎಲ್ಲಪ್ಪ ಡಿಸ್ಕು ಹಿಡಿದು ಓಡಿದ.

ಆಟೋದ ಮೈಕು ಕರಕರ ಎಂದಿತು. ಆಮೇಲೆ ಅಂಗಳದ ತುಂಬ ಮಲ್ಲಣ್ಣನ ದನಿ.

“ಎಲ್ಲಾರೂ ಹತ್ರ ಬರ್ರಿ. ಸಣ್ಣವ್ರು ಮುಂದ ಕುಂದರ್ರಿ, ಎತ್ತರದವ್ರು ಹಿಂದ. ನಡುವ ಕುಂತವ್ರು ಅಲುಗಾಡಬ್ಯಾಡ್ರಿ.”

ಮೂವತ್ತು ವರ್ಷ ಆ ಮಾತು ಕೇಳಿದ ಜನ. ಹುಡುಗರು ಬಂದು ಹಲಗೆಗೆ ಒರಗಿದ್ದ ಮಲ್ಲಣ್ಣನ ಮುಂದೆ ಕೂತರು. ಅಯ್ಯನವರು ಬಲಕ್ಕೆ ಸರಿದು ನಿಂತರು. ಎಲ್ಲಪ್ಪ ಎತ್ತರದವನು, ಹಿಂದೆ ಹೋದ. ಗುರಮ್ಮ ಎಡಕ್ಕೆ ಕೂತು ಸೆರಗು ಸರಿಮಾಡಿಕೊಂಡಳು.

ಎಲ್ಲರೂ ಎದುರಿಗೆ ನೋಡಿದರು. ಅಲ್ಲಿ ಗೋಡೆಗೆ ಒರಗಿ, ಮೂರೂ ಕಾಲು ಮಡಚಿಕೊಂಡು, ಕ್ಯಾಮೆರಾದ ಸ್ಟ್ಯಾಂಡು ನಿಂತಿತ್ತು.